ಸುರಂಗದ ಸುತ್ತ ಬಂಡೆ ಎಷ್ಟು ಕೆಟ್ಟಿದೆ? ಕೇಳಿ ತಿಳಿಯುವ ಎರಡು ದಾರಿ

ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರ್‌ಗಳು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸರ್, ಯಾವ ಸೆನ್ಸರ್ ತರಿಸೋಣ?" ನಾನು ತಿರುಗಿ ಕೇಳುವುದೂ ಒಂದೇ: "ಫೇಸ್ ಇನ್ನೂ ಎಷ್ಟು ದೂರ ಇದೆ?"

ಸುರಂಗದ ಫೇಸ್, ಅಂದರೆ ತೋಡುತ್ತಿರುವ ತುದಿ, ಅಳೆಯಬೇಕಾದ ಜಾಗ ಮುಟ್ಟುವ ಮೊದಲೇ ಸೆನ್ಸರ್ ಬಂಡೆಯೊಳಗೆ ಕೂತಿರಬೇಕು. ಈ ಬರಹದಲ್ಲಿ ನಾನು ಹೇಳುವ ಮಿಕ್ಕ ಎಲ್ಲವೂ ಇದರ ನಂತರ. ಒಂದು ಸಲ ತೋಡಿದ ಮೇಲೆ ತೋಡುವ ಮೊದಲಿನ ಬಂಡೆ ಎಲ್ಲೂ ಸಿಗುವುದಿಲ್ಲ. ಎಷ್ಟೇ ಬೆಲೆಯ ಉಪಕರಣ ತಂದರೂ ಆ ಮೊದಲ ರೀಡಿಂಗ್ ವಾಪಸ್ ಬರುವುದಿಲ್ಲ. ಆಮೇಲೆ ಅಳೆದದ್ದನ್ನು ಯಾವುದಕ್ಕೆ ಹೋಲಿಸುತ್ತೀರಿ?

ಬಂಡೆ ಯಾಕೆ ಕೆಡುತ್ತದೆ

ಆಳದಲ್ಲಿರುವ ಬಂಡೆ ಎಲ್ಲ ಕಡೆಯಿಂದಲೂ ಒತ್ತಿಸಿಕೊಂಡು ಕೂತಿರುತ್ತದೆ. ಅದರಲ್ಲಿ ತೂತು ಮಾಡಿದ ಕೂಡಲೇ, ತೆಗೆದ ಬಂಡೆ ಹೊರುತ್ತಿದ್ದ ಒತ್ತಡ ಪಕ್ಕಕ್ಕೆ ಸರಿದು ತೂತಿನ ಅಂಚಿಗೆ ಬೀಳುತ್ತದೆ. ಗುಂಡನೆಯ ಸುರಂಗಕ್ಕೆ ಲೆಕ್ಕ ಸುಲಭ. ಅತಿ ಹೆಚ್ಚಿನ ಒತ್ತಡವನ್ನು ಮೂರರಿಂದ ಗುಣಿಸಿ, ಅತಿ ಕಡಿಮೆಯದನ್ನು ಕಳೆಯಿರಿ. ಅಂಚಿನ ಮೇಲೆ ಬೀಳುವ ಗರಿಷ್ಠ ಒತ್ತಡ ಅಷ್ಟು.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಕೆನಡಾದ್ದು. ಮ್ಯಾನಿಟೋಬಾ ಪ್ರಾಂತ್ಯದ ಪಿನಾವಾ ಹತ್ತಿರ, ಲಾಕ್ ಡು ಬಾನೆ ಗ್ರಾನೈಟಿನಲ್ಲಿ ಒಂದು ಭೂಗತ ಪ್ರಯೋಗಾಲಯ ಇತ್ತು. ಅಣು ತ್ಯಾಜ್ಯವನ್ನು ಆಳದಲ್ಲಿ ಇಡಬಹುದೇ ಎಂದು ನೋಡಲು ಮಾಡಿದ್ದು. ಅಲ್ಲಿ 1991–92ರಲ್ಲಿ, 420 ಮೀಟರ್ ಆಳದಲ್ಲಿ, 3.5 ಮೀಟರ್ ವ್ಯಾಸದ 46 ಮೀಟರ್ ಉದ್ದದ ಸುರಂಗವನ್ನು ಸಿಡಿಮದ್ದೇ ಇಲ್ಲದೆ ತೋಡಿದರು. ಸುತ್ತಲೂ ಸಾಲಾಗಿ ತೂತು ಕೊರೆದು ಬಂಡೆಯನ್ನು ಯಂತ್ರದಿಂದ ಸೀಳಿದರು. ಬ್ಲಾಸ್ಟಿಂಗ್ ಮಾಡಿದ ಹಾನಿ ಯಾವುದು, ಒತ್ತಡ ಮಾಡಿದ ಹಾನಿ ಯಾವುದು ಎಂಬ ಗೊಂದಲವೇ ಬೇಡ ಅಂತ.

ಅಲ್ಲಿನ ಅತಿ ಹೆಚ್ಚಿನ ಒತ್ತಡ ಸುಮಾರು 60 ಮೆಗಾ ಪಾಸ್ಕಲ್, ಹೆಚ್ಚುಕಡಿಮೆ ಅಡ್ಡಕ್ಕೆ. ಅತಿ ಕಡಿಮೆಯದು 11, ಹೆಚ್ಚುಕಡಿಮೆ ಲಂಬಕ್ಕೆ. ಲೆಕ್ಕ ಹಾಕಿ: 180ರಲ್ಲಿ 11 ಕಳೆದರೆ 169. ಆ ಗ್ರಾನೈಟಿನ ತುಂಡನ್ನು ಲ್ಯಾಬಿನಲ್ಲಿ ಒತ್ತಿದರೆ ಅದು 200ಕ್ಕೂ ಜಾಸ್ತಿ ತಡೆಯುತ್ತದೆ. ಹಾಗಾದರೆ ಸುರಂಗಕ್ಕೆ ಏನೂ ಆಗಬಾರದು, ಅಲ್ವಾ? ಆದರೆ ಮೇಲ್ಛಾವಣಿಯಲ್ಲೂ ನೆಲದಲ್ಲೂ ಬಂಡೆ ಪದರ ಪದರವಾಗಿ ಉದುರಿತು. ವಿ ಆಕಾರದ ಕೊರಕಲು ಬಿತ್ತು.

ಕಾರಣ ಇದು. ಬಂಡೆಯೊಳಗೆ ಸಣ್ಣ ಬಿರುಕುಗಳು ಹುಟ್ಟುವುದು ಲ್ಯಾಬ್ ತೋರಿಸುವ ಬಲದ ಮೂರನೇ ಒಂದರಿಂದ ಅರ್ಧದಷ್ಟು ಒತ್ತಡದಲ್ಲೇ. ತುಂಡು ಪೂರ್ತಿ ಒಡೆಯುವ ಹೊತ್ತಿಗೆ ಒಳಗೆ ಬಹಳ ಕೆಲಸ ಮುಗಿದಿರುತ್ತದೆ. ಸುರಂಗದ ಅಂಚಿನಲ್ಲಿ ಒಂದು ಕಡೆ ಖಾಲಿ. ಆ ಬಿರುಕುಗಳನ್ನು ಒತ್ತಿ ಹಿಡಿಯುವವರು ಯಾರೂ ಇಲ್ಲ. ಬಲದ ಅಂಕಿ ನೋಡಿ ಧೈರ್ಯ ತಂದುಕೊಳ್ಳಬೇಡಿ ಎಂದು ನಾನು ಹೇಳುವುದು ಇದಕ್ಕೇ. ಬಿರುಕು ಹುಟ್ಟುವಾಗಲೇ ಕೇಳಿಸಿಕೊಳ್ಳಬೇಕು.

ಎರಡು ಪ್ರಶ್ನೆ, ಎರಡು ಸಾಧನ

ಈಗ ಎಲ್ಲಿ ಒಡೆಯುತ್ತಿದೆ? ಇದು ಮೊದಲ ಪ್ರಶ್ನೆ. ಬಿರುಕು ಹುಟ್ಟುವಾಗ, ಬೆಳೆಯುವಾಗ, ಜಾರುವಾಗ ಅಲೆ ಹೊರಡುತ್ತದೆ. ಸೆನ್ಸರ್ ಇಟ್ಟು ಸುಮ್ಮನೆ ಕೇಳುತ್ತಾ ಕೂರುವುದು ಒಂದು ದಾರಿ. ದೊಡ್ಡದಾಗಿದ್ದರೆ ಮೈಕ್ರೋಸೈಸ್ಮಿಕ್ ಎನ್ನುತ್ತೇವೆ. ಬಹಳ ಸಣ್ಣದಾಗಿದ್ದರೆ ಅಕೌಸ್ಟಿಕ್ ಎಮಿಷನ್.

ಇಲ್ಲಿಯವರೆಗೆ ಎಷ್ಟು ಕೆಟ್ಟಿದೆ? ಇದು ಎರಡನೆಯದು. ಇದಕ್ಕೆ ನಾವೇ ಅಲ್ಟ್ರಾಸಾನಿಕ್ ಅಲೆ ಕಳಿಸಬೇಕು. ಒಂದು ತುದಿಯಲ್ಲಿ ಟ್ರಾನ್ಸ್‌ಮಿಟರ್, ಇನ್ನೊಂದು ತುದಿಯಲ್ಲಿ ರಿಸೀವರ್. ಬಿರುಕು ಬಿಟ್ಟ ಬಂಡೆಯಲ್ಲಿ ಅಲೆ ನಿಧಾನವಾಗುತ್ತದೆ, ಅದರ ಜೋರು ಕುಗ್ಗುತ್ತದೆ.

ನಾನು ಬಂಗಾರಪೇಟೆಯವನು. ಅಪ್ಪ ಕೋಲಾರ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫ್‌ನಲ್ಲಿ ಟಿಂಬರಿಂಗ್ (ಮರದ ಆಸರೆ ಕಟ್ಟುವ) ಕೆಲಸ ಮಾಡುತ್ತಿದ್ದರು. ಶಿಫ್ಟ್ ಶುರುವಾದಾಗ ಕಬ್ಬಿಣದ ಬಾರ್‌ನಿಂದ ಮೇಲಿನ ಬಂಡೆ ತಟ್ಟಿ ನೋಡುವುದು ಅವರ ಮೊದಲ ಕೆಲಸ. ಗಟ್ಟಿ ಬಂಡೆ ಖಣ್ ಎನ್ನುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಪೊಳ್ಳು ಸದ್ದು. ಇನ್ನೊಂದು, ತಟ್ಟದೆಯೇ ಬಂಡೆ ತಾನಾಗಿ ಚಟಪಟ ಅನ್ನುವುದು. ಆಗ ಅವರು ಕೆಲಸ ನಿಲ್ಲಿಸಿ ಹಿಂದೆ ಸರಿಯುತ್ತಿದ್ದರು. ನಮ್ಮ ಎರಡು ಸಾಧನಗಳೂ ಆ ಎರಡು ಕೆಲಸವನ್ನೇ ಮಾಡುತ್ತವೆ. ಕಿವಿಗೆ ಕೇಳದ ಕಂಪನದಲ್ಲಿ, ಬಾರ್ ಮುಟ್ಟದ ಆಳದಲ್ಲಿ.

ಎರಡರಲ್ಲಿ ಒಂದೇ ಸಾಕು ಅನ್ನುವವರ ಜೊತೆ ನನಗೆ ಯಾವಾಗಲೂ ಜಗಳ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಯಾವ ಸೆನ್ಸರ್

ಅಲೆಯ ಉದ್ದ ಲೆಕ್ಕ ಹಾಕಿ. ಉತ್ತರ ತಾನಾಗಿ ಬರುತ್ತದೆ. ಒಳ್ಳೆಯ ಗ್ರಾನೈಟಿನಲ್ಲಿ ಪಿ ಅಲೆಯ (ಒತ್ತುತ್ತಾ ಸಡಿಲಿಸುತ್ತಾ ಸಾಗಿ ಮೊದಲು ಬಂದು ಮುಟ್ಟುವ ಅಲೆ) ವೇಗ ಸೆಕೆಂಡಿಗೆ ಸುಮಾರು 5,800 ಮೀಟರ್. ಅದನ್ನು ಕಂಪನಸಂಖ್ಯೆಯಿಂದ ಭಾಗಿಸಿ. 100 ಹರ್ಟ್ಸ್‌ನಲ್ಲಿ ಅಲೆಯ ಉದ್ದ 58 ಮೀಟರ್. 10 ಕಿಲೋಹರ್ಟ್ಸ್‌ನಲ್ಲಿ 58 ಸೆಂಟಿಮೀಟರ್. 100 ಕಿಲೋಹರ್ಟ್ಸ್‌ನಲ್ಲಿ 5.8 ಸೆಂಟಿಮೀಟರ್. ಅಂಗೈಯಷ್ಟು ಬಿರುಕನ್ನು 58 ಮೀಟರ್ ಅಲೆಯಿಂದ ನೋಡಲು ಆಗುವುದಿಲ್ಲ.

ಹಾಗಂತ ಎಲ್ಲ ಕಡೆ ಹೆಚ್ಚಿನ ಕಂಪನದ್ದೇ ಹಾಕಲೂ ಆಗುವುದಿಲ್ಲ. ಕಂಪನ ಹೆಚ್ಚಿದಷ್ಟೂ ಅಲೆ ಬೇಗ ಸಾಯುತ್ತದೆ. 100 ಕಿಲೋಹರ್ಟ್ಸ್ ಅಲೆ ಗಟ್ಟಿ ಬಂಡೆಯಲ್ಲೇ ಕೆಲವು ಮೀಟರ್ ಹೋಗುತ್ತದೆ, ಅಷ್ಟೇ. ಆದ್ದರಿಂದ ಇಡೀ ಗಣಿಯನ್ನು ನೋಡಬೇಕಾದರೆ ಕಡಿಮೆ ಕಂಪನ ಹಿಡಿಯುವ ಜಿಯೋಫೋನ್. ಒಂದು ಸುರಂಗದ ತುಂಡು ಅಥವಾ ಪವರ್‌ಹೌಸ್ ಗುಹೆಗೆ ಮಧ್ಯದ ಕಂಪನ ಹಿಡಿಯುವ ಆಕ್ಸಿಲೆರೋಮೀಟರ್. ಗೋಡೆಯ ಮೊದಲ ಒಂದೆರಡು ಮೀಟರಿಗೆ ಅತಿ ಹೆಚ್ಚಿನ ಕಂಪನ ಹಿಡಿಯುವ ಪೀಜೋ ಸೆನ್ಸರ್.

ಕೋಲಾರದ ಅನುಭವ ಇಲ್ಲಿ ಕೆಲಸಕ್ಕೆ ಬರುತ್ತದೆ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿದ್ದ ಗಣಿ. ರಾಕ್‌ಬರ್ಸ್ಟ್ (ಒತ್ತಡ ತಾಳದೆ ಬಂಡೆ ಸಿಡಿಯುವುದು) ಅಲ್ಲಿನ ದೊಡ್ಡ ಶತ್ರು. ಅದು ಆದ ಮೇಲೆ ಮೇಲಿನ ಊರಿನ ಮನೆಗಳಲ್ಲೂ ಪಾತ್ರೆ ಅಲುಗಾಡುತ್ತಿತ್ತು. ಯಾವ ಶಾಫ್ಟ್ ಕಡೆ ಅಂತ ಹೆಂಗಸರು ಬೀದಿಗೆ ಬಂದು ವಿಚಾರಿಸುತ್ತಿದ್ದರು. 1912ರಲ್ಲೇ ಅಲ್ಲಿ ವೀಚರ್ಟ್ ಸೈಸ್ಮೋಗ್ರಾಫ್ (ಕಂಪನ ದಾಖಲಿಸುವ ಯಂತ್ರ) ಕೂರಿಸಿದ್ದರು. 1978ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಕೈಜೋಡಿಕೆಯಿಂದ ಜಿಯೋಫೋನ್ ಜಾಲ ಬಂತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಅಲ್ಲೇ ಶುರುವಾಯಿತು. ಅಂಥ ಜಾಲ "ಗಣಿಯ ಯಾವ ಭಾಗ ಕುದಿಯುತ್ತಿದೆ" ಎಂದು ಹೇಳಬಲ್ಲದು. ನಿಮ್ಮ ತಲೆಯ ಮೇಲಿನ ಒಂದು ಮೀಟರ್ ಬಂಡೆ ಬಿಟ್ಟುಕೊಂಡಿದೆಯೇ ಎಂದು ಹೇಳುವ ಕೆಲಸ ಅದರದ್ದಲ್ಲ. ಆ ಅಳತೆಗೆ ಬೇರೆ ಸಾಧನ ಬೇಕು. ಯಾವ ಗಾತ್ರದ ಹಾನಿ ಹುಡುಕುತ್ತಿದ್ದೀರಿ ಎಂದು ಮೊದಲು ಕಾಗದದ ಮೇಲೆ ಬರೆಯಿರಿ. ಖರೀದಿ ಪಟ್ಟಿ ಅದಾದ ಮೇಲೆ.

ಕೂರಿಸುವುದು

ಇಲ್ಲಿ ನಾನು ನಿಧಾನವಾಗಿ ಹೇಳುತ್ತೇನೆ. ಮುಕ್ಕಾಲು ಪಾಲು ಕೆಟ್ಟ ಡೇಟಾ ಇಲ್ಲೇ ಹುಟ್ಟುವುದನ್ನು ನೋಡಿದ್ದೇನೆ.

ತೋಡಬೇಕಾದ ಸುರಂಗದ ಪಕ್ಕದಲ್ಲಿ ಆಗಲೇ ಒಂದು ಆಡಿಟ್ (ಹೊರಗಿನಿಂದ ಒಳಕ್ಕೆ ಹೋಗುವ ಅಡ್ಡ ದಾರಿ), ಗ್ಯಾಲರಿ ಅಥವಾ ಪೈಲಟ್ ಸುರಂಗ ಇರುತ್ತದೆ. ಅಲ್ಲಿಂದ ಬೋರ್‌ಹೋಲ್ ಕೊರೆಯಿರಿ. ಕೆನಡಾದವರೂ ಹೀಗೆಯೇ ಮಾಡಿದ್ದು. ಸುತ್ತಲೂ 16 ಮೂರು-ದಿಕ್ಕಿನ ಆಕ್ಸಿಲೆರೋಮೀಟರ್‌ಗಳನ್ನು ಮೊದಲೇ ಕೂರಿಸಿ, ಆಮೇಲೆ ಸುರಂಗ ಮುಂದಕ್ಕೆ ತಂದರು. ಹಾಗಾಗಿ ಫೇಸ್ ಹತ್ತಿರ ಬರುವುದು, ದಾಟುವುದು, ದೂರ ಹೋಗುವುದು ಎಲ್ಲವೂ ದಾಖಲಾಯಿತು.

ಸೆನ್ಸರ್‌ಗಳು ಒಂದೇ ಗೋಡೆಯಲ್ಲಿ, ಒಂದೇ ಎತ್ತರದಲ್ಲಿ ಸಾಲಾಗಿ ಇರಬಾರದು. ಹಾಗೆ ಇಟ್ಟರೆ ಗೋಡೆಯುದ್ದಕ್ಕೆ ಜಾಗ ಚೆನ್ನಾಗಿ ಸಿಗುತ್ತದೆ, ಒಳಗೆ ಎಷ್ಟು ಆಳ ಎಂಬುದು ಸಿಗುವುದಿಲ್ಲ. ನಮಗೆ ಬೇಕಾಗಿರುವುದೇ ಆ ಆಳ. ಮೇಲೆ, ಕೆಳಗೆ, ಎರಡೂ ಪಕ್ಕ, ಮುಂದೆ, ಹಿಂದೆ, ಹೀಗೆ ಸುತ್ತುವರಿದಿರಲಿ. ಜಾಗದ ಮೂರು ಅಳತೆ ಮತ್ತು ಸಮಯ, ಒಟ್ಟು ನಾಲ್ಕು ತಿಳಿಯಬೇಕು. ಕಾಗದದ ಲೆಕ್ಕಕ್ಕೆ ನಾಲ್ಕು ಸೆನ್ಸರ್ ಸಾಕು. ಆದರೆ ಆರಕ್ಕಿಂತ ಕಡಿಮೆ ಸೆನ್ಸರ್ ಕೇಳಿಸಿಕೊಂಡ ಘಟನೆಯನ್ನು ನಾನು ನಕ್ಷೆಯಲ್ಲಿ ಹಾಕುವುದಿಲ್ಲ.

ಶಾಟ್‌ಕ್ರೀಟ್ (ಗೋಡೆಗೆ ಸಿಂಪಡಿಸಿದ ಕಾಂಕ್ರೀಟ್) ಮೇಲೆ ಸೆನ್ಸರ್ ಅಂಟಿಸಬೇಡಿ. ರಾಕ್ ಬೋಲ್ಟ್ (ಬಂಡೆಯನ್ನು ಹಿಡಿದಿಡಲು ಒಳಕ್ಕೆ ಕೂರಿಸುವ ಸರಳು) ತಲೆಗೆ ಸಿಕ್ಕಿಸುವುದು ಅಗ್ಗದ ದಾರಿ, ಎಣಿಕೆಗೆ ನಡೆಯುತ್ತದೆ, ನಿಖರ ಜಾಗ ಹುಡುಕಲು ನಡೆಯುವುದಿಲ್ಲ. ಬೋರ್‌ಹೋಲ್ ತಳದಲ್ಲಿ ಇಟ್ಟು ಗ್ರೌಟ್ (ಸಿಮೆಂಟಿನ ಗಾರೆ) ತುಂಬಿಸಿ. ಕುಗ್ಗದ ಗ್ರೌಟ್ ಬಳಸಿ. ಗಾಳಿಗುಳ್ಳೆ ಉಳಿದರೆ ಆ ಸೆನ್ಸರ್ ಕಿವುಡಾದ ಹಾಗೆಯೇ. ಮೇಲ್ಮುಖ ತೂತಿನಲ್ಲಿ ಗಾಳಿ ಹೊರಬರಲು ತುದಿಯವರೆಗೆ ಸಣ್ಣ ಪೈಪ್ ಹಾಕಲೇಬೇಕು. ಅಲ್ಟ್ರಾಸಾನಿಕ್ ಟ್ರಾನ್ಸ್‌ಡ್ಯೂಸರನ್ನು (ಅಲೆ ಕಳಿಸುವ ಅಥವಾ ಹಿಡಿಯುವ ಸಾಧನ) ಆಮೇಲೆ ಹೊರತೆಗೆಯಬೇಕಾದರೆ ಸ್ಪ್ರಿಂಗ್ ಅಥವಾ ಗಾಳಿಯ ಒತ್ತಡದಿಂದ ತೂತಿನ ಗೋಡೆಗೆ ಒತ್ತಿ ನಿಲ್ಲಿಸುವ ವ್ಯವಸ್ಥೆ ಮಾಡಿ. ಪ್ರತಿ ಸಲವೂ ಅದೇ ಒತ್ತಡ ಇರಲಿ.

ಪ್ರತಿ ಸೆನ್ಸರಿನ ಜಾಗವನ್ನು ಸರ್ವೇಯರ್ ಕೈಯಲ್ಲಿ ಅಳೆಸಿ. ಬೋರ್‌ಹೋಲ್ ನೆಟ್ಟಗೆ ಹೋಗಿದೆ ಎಂದು ನಂಬಬೇಡಿ, ಬಾಗನ್ನೂ ಅಳೆಸಿ. ಗಡಿಯಾರದ ಬಗ್ಗೆ ಇನ್ನೂ ಕಟ್ಟುನಿಟ್ಟಾಗಿರಿ. ಒಂದು ಮಿಲಿಸೆಕೆಂಡ್ ತಪ್ಪಿದರೆ 5.8 ಮೀಟರ್ ತಪ್ಪುತ್ತದೆ. ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ಸುಮಾರು 6 ಮಿಲಿಮೀಟರ್, ಅದು ಪರವಾಗಿಲ್ಲ. ಎಲ್ಲ ಚಾನೆಲ್‌ಗಳೂ ಒಂದೇ ಗಡಿಯಾರದಿಂದ ನಡೆಯಲಿ.

ಕೇಬಲ್‌ಗಳನ್ನು ಪವರ್ ಕೇಬಲ್ ಪಕ್ಕದಲ್ಲಿ ಎಳೆಯಬೇಡಿ, 50 ಹರ್ಟ್ಸ್ ಗುಂಯ್ ಎನ್ನುವುದು ನಿಮ್ಮ ಎಲ್ಲ ರೆಕಾರ್ಡಿನಲ್ಲೂ ಕೂರುತ್ತದೆ. ಒಡೆದ ಬಂಡೆ ಎತ್ತುವ ಮಕ್ಕಿಂಗ್ ಯಂತ್ರದ ಬಕೆಟ್ ತಗುಲದ ಎತ್ತರದಲ್ಲಿ ಕೇಬಲ್ ಇರಲಿ. ಶಾಟ್‌ಕ್ರೀಟ್ ಹೊಡೆಯುವ ತಂಡಕ್ಕೆ ಕೇಬಲ್ ದಾರಿಯನ್ನು ನೀವೇ ಹೋಗಿ ಬೆರಳಿಟ್ಟು ತೋರಿಸಿ. ನಕ್ಷೆ ಕೊಟ್ಟರೆ ಸಾಲದು.

ಮೊದಲ ರೀಡಿಂಗ್ ಮತ್ತು ಗೊತ್ತಿರುವ ಸದ್ದು

ಎಲ್ಲ ಕೂರಿಸಿದ ಮೇಲೆ, ಗೊತ್ತಿರುವ ಜಾಗದಲ್ಲಿ ಒಂದು ಸದ್ದು ಮಾಡಿ. ಒಂಟಿ ಡಿಟೊನೇಟರ್ ಆಗಬಹುದು, ಸುತ್ತಿಗೆ ಪೆಟ್ಟೂ ಆಗಬಹುದು. ಅದನ್ನು ಎಲ್ಲಿ ತೋರಿಸುತ್ತದೆ ನೋಡಿ. ನಿಜವಾದ ಜಾಗಕ್ಕೂ ಅದಕ್ಕೂ ಇರುವ ಅಂತರವೇ ನಿಮ್ಮ ಜಾಲದ ತಪ್ಪಿನ ಅಳತೆ. ಅದನ್ನು ಪ್ರತಿ ವರದಿಯ ತಲೆಯ ಮೇಲೆ ಬರೆಯಿರಿ. ತಪ್ಪು ಎರಡು ಮೀಟರ್ ಇರುವಾಗ ಅರ್ಧ ಮೀಟರ್ ದಪ್ಪದ ಹಾನಿಪಟ್ಟಿ ಬರೆದು ತೋರಿಸುವುದು ಸರಿಯಲ್ಲ. ಮೂರು-ದಿಕ್ಕಿನ ಸೆನ್ಸರ್ ತೂತಿನೊಳಗೆ ಯಾವ ಕಡೆ ತಿರುಗಿ ಕೂತಿದೆ ಎಂಬುದೂ ಇದೇ ಸದ್ದಿನಿಂದ ಗೊತ್ತಾಗುತ್ತದೆ.

ಬಂಡೆ ಎಲ್ಲ ದಿಕ್ಕಿನಲ್ಲೂ ಒಂದೇ ಅಲ್ಲ. ಕೋಲಾರದ ಹಾರ್ನ್‌ಬ್ಲೆಂಡ್ ಶಿಸ್ಟಿನಂಥ ಪದರದ ಬಂಡೆಯಲ್ಲಿ ಪದರದ ಉದ್ದಕ್ಕೆ ಅಲೆ ಬೇಗ ಓಡುತ್ತದೆ, ಅಡ್ಡಕ್ಕೆ ನಿಧಾನ. ಆದ್ದರಿಂದ ಸದ್ದನ್ನು ಒಂದೇ ಕಡೆ ಮಾಡಬೇಡಿ, ಹಲವು ದಿಕ್ಕಿನಿಂದ ಮಾಡಿ. ಇನ್ನೊಂದು ಮಾತು, ಸುರಂಗ ಬೆಳೆದಂತೆ ಅಲೆ ಖಾಲಿ ಜಾಗವನ್ನು ಬಳಸಿಕೊಂಡು ಹೋಗಬೇಕಾಗುತ್ತದೆ. ತಿಂಗಳ ಹಿಂದಿನ ವೇಗದ ಮಾದರಿಯನ್ನೇ ಇಟ್ಟುಕೊಂಡರೆ ಘಟನೆಗಳು ಇಲ್ಲದ ಜಾಗಕ್ಕೆ ಸರಿಯುತ್ತವೆ.

ಕೇಳುವುದು

ಬ್ಲಾಸ್ಟ್ ಆದ ನಿಮಿಷ, ಚಾರ್ಜ್ ಎಷ್ಟು, ಫೇಸ್ ಎಲ್ಲಿತ್ತು, ಡ್ರಿಲ್ಲಿಂಗ್ ಯಾವಾಗ ನಡೆಯಿತು, ಬೋಲ್ಟ್ ಯಾವಾಗ ಹಾಕಿದರು, ಇದೆಲ್ಲ ಒಂದು ಪುಸ್ತಕದಲ್ಲಿ ಬೇಕು. ಅದಿಲ್ಲದ ಎಣಿಕೆಗೆ ಅರ್ಥವಿಲ್ಲ. ಡ್ರಿಲ್ ಸದ್ದು, ಲೋಕೋ, ಫ್ಯಾನ್ ಎಲ್ಲವೂ ಸೆನ್ಸರಿಗೆ ಬರುತ್ತವೆ. ಭೂತಾನಿನ ತಾಲಾ ಜಲವಿದ್ಯುತ್ ಯೋಜನೆಯ ಪವರ್‌ಹೌಸ್ ಗುಹೆಯಲ್ಲಿ ರಾಕ್ ಬೋಲ್ಟ್‌ಗಳೇ ತುಂಡಾಗಿ ಹೊರಕ್ಕೆ ಚಿಮ್ಮಿದ್ದವು. ಅಂಥ ಕಡೆ ಬೋಲ್ಟ್ ಮುರಿದ ಸದ್ದನ್ನೂ ಬಂಡೆ ಒಡೆದ ಸದ್ದನ್ನೂ ಅಲೆಯ ಆಕಾರ ನೋಡಿ ಬೇರೆ ಮಾಡಬೇಕು.

ಬ್ಲಾಸ್ಟ್ ಆದ ಮೇಲೆ ಘಟನೆಗಳು ಒಮ್ಮೆಲೇ ಏರಿ ಆಮೇಲೆ ಇಳಿಯುತ್ತವೆ. ಭೂಕಂಪದ ನಂತರದ ಮರುಕಂಪನಗಳು ಹೇಗೆ ಇಳಿಯುತ್ತವೆ ಎಂದು ಜಪಾನಿನ ಒಮೋರಿ 1894ರಲ್ಲಿ ಹೇಳಿದ ಕ್ರಮವೇ ಇಲ್ಲೂ ಕಾಣುತ್ತದೆ. ಪ್ರತಿ ಬ್ಲಾಸ್ಟಿಗೂ ಇಳಿಕೆಯ ಗೆರೆ ಬರೆದಿಡಿ. ಕೆಲವೇ ವಾರದಲ್ಲಿ ನಿಮ್ಮ ಬಂಡೆಯ ಸ್ವಭಾವ ಗೊತ್ತಾಗುತ್ತದೆ. ಮಾಮೂಲಿ ಮಟ್ಟಕ್ಕೆ ಬರಲು ಎಷ್ಟು ಹೊತ್ತು ಬೇಕು ಎನ್ನುವುದರಿಂದಲೇ ಜನರನ್ನು ಯಾವಾಗ ಒಳಗೆ ಬಿಡಬೇಕು ಎಂದು ನಿರ್ಧರಿಸಬಹುದು. ಗೆರೆ ಇಳಿಯದೆ ಮಧ್ಯದಲ್ಲಿ ಮತ್ತೆ ಏರಿತೋ, ಒಳಗೆ ಬಿಡಬೇಡಿ. ಇದರಲ್ಲಿ ಚೌಕಾಸಿ ಇಲ್ಲ.

ಘಟನೆಗಳ ಸಂಖ್ಯೆಗಿಂತ ಅವು ಎಲ್ಲಿ ಗುಂಪಾಗುತ್ತಿವೆ ಎಂಬುದನ್ನು ಜಾಸ್ತಿ ನೋಡಿ. ಅತಿ ಹೆಚ್ಚಿನ ಒತ್ತಡದ ದಿಕ್ಕು ಅಡ್ಡಕ್ಕಿದ್ದರೆ ಮೇಲೂ ಕೆಳಗೂ ಗುಂಪಾಗಬೇಕು. ಲಂಬಕ್ಕಿದ್ದರೆ ಎರಡು ಪಕ್ಕದ ಗೋಡೆಗಳಲ್ಲಿ. ನಿರೀಕ್ಷೆ ಬಿಟ್ಟು ಬೇರೆ ಕಡೆ ಗುಂಪಾದರೆ ಅಲ್ಲೊಂದು ಜೋಡು (ಬಂಡೆಯಲ್ಲಿ ಮೊದಲೇ ಇದ್ದ ಸೀಳು) ಅಥವಾ ಸ್ತರಭಂಗ ಇರಬಹುದು, ಇಲ್ಲವೇ ಒತ್ತಡದ ದಿಕ್ಕನ್ನೇ ಸರಿಯಾಗಿ ಅಳೆದಿಲ್ಲ.

ಕೈಸರ್ ಪರಿಣಾಮವನ್ನೂ ನೆನಪಿಡಿ. ಜರ್ಮನಿಯ ಯೋಸೆಫ್ ಕೈಸರ್ 1950ರಲ್ಲಿ ಲೋಹಗಳಲ್ಲಿ ಇದನ್ನು ತೋರಿಸಿದ. ಒಮ್ಮೆ ಒಂದು ಮಟ್ಟದ ಒತ್ತಡ ಕಂಡ ವಸ್ತು, ಆ ಮಟ್ಟ ದಾಟುವವರೆಗೆ ಮತ್ತೆ ಸದ್ದು ಮಾಡುವುದಿಲ್ಲ. ಬಂಡೆಯೂ ಬಹುಮಟ್ಟಿಗೆ ಹಾಗೆಯೇ. ಆದ್ದರಿಂದ ಸದ್ದಿಲ್ಲ ಅಂದರೆ ಹಾನಿಯಿಲ್ಲ ಎಂದಲ್ಲ. ಹಾನಿ ಮೊದಲೇ ಆಗಿ ಮುಗಿದಿರಬಹುದು. ಒಂದೇ ಸಾಧನ ಸಾಲದು ಎಂದದ್ದು ಇದಕ್ಕೇ.

ಅಲ್ಟ್ರಾಸಾನಿಕ್ ಅಳೆಯುವುದು

ಜಾಗ ಬದಲಾಗದ ಟ್ರಾನ್ಸ್‌ಮಿಟರ್, ರಿಸೀವರ್ ಜೋಡಿಗಳ ನಡುವೆ ಪ್ರತಿದಿನ ಅದೇ ಅಲೆ ಕಳಿಸಿ. 1.2 ಮೀಟರ್ ದಾರಿಗೆ 5,800ರ ವೇಗದಲ್ಲಿ ಸುಮಾರು 207 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ವೇಗ ನೂರಕ್ಕೆ ಒಂದು ಇಳಿದರೆ ವ್ಯತ್ಯಾಸ ಎರಡು ಮೈಕ್ರೋಸೆಕೆಂಡ್ ಮಾತ್ರ. ಆದ್ದರಿಂದ ಸೆಕೆಂಡಿಗೆ ಹತ್ತು ಲಕ್ಷ ಸ್ಯಾಂಪಲ್ ಸಾಲದು, ಒಂದು ಕೋಟಿ ಇರಲಿ. ಪ್ರತಿ ಸಲ ಹಲವು ಅಲೆ ಕಳಿಸಿ ಸರಾಸರಿ ತೆಗೆಯಿರಿ. ಮೊದಲ ದಿನದ ಅಲೆಯ ಮೇಲೆ ಇವತ್ತಿನದನ್ನು ಇಟ್ಟು ಎಷ್ಟು ಸರಿದಿದೆ ನೋಡಿ. ಕಣ್ಣಳತೆಯಲ್ಲಿ ಶುರು ಗುರುತಿಸುವುದಕ್ಕಿಂತ ಇದು ಎಷ್ಟೋ ಮೇಲು.

ಅಲೆಯ ಜೋರನ್ನು ಬಿಡಬೇಡಿ. ಎಷ್ಟೋ ಸಲ ವೇಗ ಇಳಿಯುವ ಮೊದಲೇ ಜೋರು ಕುಗ್ಗಿರುತ್ತದೆ.

ದಿಕ್ಕಿನ ವಿಷಯ ತುಂಬ ಮುಖ್ಯ. ಗೋಡೆಯ ಹತ್ತಿರ ಬಿರುಕುಗಳು ಹೆಚ್ಚಾಗಿ ಗೋಡೆಗೆ ಸಮಾನಾಂತರ. ಅವುಗಳನ್ನು ದಾಟಿ ಹೋಗುವ ಅಲೆ, ಅಂದರೆ ಗೋಡೆಯಿಂದ ನೇರ ಒಳಕ್ಕೆ ಹೋಗುವುದು, ಬಹಳ ನಿಧಾನವಾಗುತ್ತದೆ. ಗೋಡೆಯ ಜೊತೆಜೊತೆಗೆ ಓಡುವ ಅಲೆಗೆ ಅವು ಅಷ್ಟಾಗಿ ತಗುಲುವುದಿಲ್ಲ. ಎರಡು ಬೋರ್‌ಹೋಲ್‌ಗಳ ನಡುವೆ ಮಾತ್ರ ಅಳೆದು "ಬಂಡೆ ಚೆನ್ನಾಗಿದೆ" ಎಂದ ವರದಿಗಳನ್ನು ಓದಿದ್ದೇನೆ. ಅಲೆ ಬಿರುಕಿನ ಪಕ್ಕದಲ್ಲೇ ಜಾರಿ ಹೋಗಿರುತ್ತದೆ. ಒಂದೇ ತೂತಿನೊಳಗೆ ಪ್ರೋಬ್ ಇಳಿಸಿ, ಹತ್ತು ಇಪ್ಪತ್ತು ಸೆಂಟಿಮೀಟರಿಗೊಮ್ಮೆ ಉದ್ದಕ್ಕೆ ಅಳೆದರೆ ವೇಗದ ಗೆರೆ ಗೋಡೆಯ ಬಳಿ ಕೆಳಗಿದ್ದು ಒಳಗೆ ಹೋದಂತೆ ಏರಿ ಸಮನಾಗುತ್ತದೆ. ಸಮನಾದ ಜಾಗವೇ ಹಾನಿಯ ಗಡಿ. ಗೋಡೆಯಲ್ಲಿ ಅಳೆದು ನೆಲವನ್ನು ಮರೆಯಬೇಡಿ. ಬ್ಲಾಸ್ಟ್ ಮಾಡಿದ ಸುರಂಗದಲ್ಲಿ ಕೆಳಸಾಲಿನ ತೂತುಗಳಿಗೆ ಚಾರ್ಜ್ ಜಾಸ್ತಿ ಹಾಕುವುದರಿಂದ ನೆಲದಲ್ಲೇ ಹಾನಿ ಆಳ. ಸ್ವೀಡನ್ನಿನ ಎಸ್ಪೋ ಪ್ರಯೋಗಾಲಯದಲ್ಲಿ ಬ್ಲಾಸ್ಟ್ ಮಾಡಿದ ಸುರಂಗವನ್ನೂ ಟಿಬಿಎಂ (ಸುರಂಗ ಕೊರೆಯುವ ಯಂತ್ರ) ಕೊರೆದ ಸುರಂಗವನ್ನೂ ಅಕ್ಕಪಕ್ಕ ಅಳೆದಾಗ ಟಿಬಿಎಂ ಸುತ್ತಲಿನ ಹಾನಿಪಟ್ಟಿ ತೀರ ತೆಳು ಎಂದು ಕಂಡಿತು.

ನೀರು ಮೋಸ ಮಾಡುತ್ತದೆ. ಬಿರುಕಿನೊಳಗೆ ನೀರು ತುಂಬಿದರೆ ಪಿ ಅಲೆಯ ವೇಗ ಹೆಚ್ಚು ಇಳಿಯುವುದಿಲ್ಲ, ಬಂಡೆ ಚೆನ್ನಾಗಿದ್ದಂತೆ ಕಾಣುತ್ತದೆ. ಎಸ್ ಅಲೆ (ಪಕ್ಕಕ್ಕೆ ಅಲುಗಿಸುತ್ತಾ ಸಾಗುವ ಅಲೆ) ನೀರಿನಲ್ಲಿ ಸಾಗಲಾರದು, ಅದು ಇಳಿದೇ ಇಳಿಯುತ್ತದೆ. ಎರಡನ್ನೂ ಅಳೆಯಿರಿ. ಇದರ ತಿರುಗುಮುರುಗು ಕೂಡ ಇದೆ. ಫ್ಯಾನಿನ ಗಾಳಿಗೆ ಗೋಡೆ ಒಣಗಿದರೆ ಹೊಸ ಬಿರುಕಿಲ್ಲದೆಯೇ ಪಿ ವೇಗ ಇಳಿಯುತ್ತದೆ. ಹಾಗಾಗಿ ತೇವ ಮತ್ತು ಉಷ್ಣತೆಯನ್ನೂ ಜೊತೆಗೆ ಬರೆದಿಡಿ.

ಎರಡನ್ನೂ ಸೇರಿಸಿ ಓದುವುದು

ಘಟನೆಗಳು ಬಹಳ, ವೇಗ ಬದಲಾಗಿಲ್ಲ: ಬಿರುಕುಗಳು ಚದುರಿವೆ, ಇನ್ನೂ ಕೂಡಿಕೊಂಡಿಲ್ಲ. ಅಥವಾ ನಿಮ್ಮ ಅಲ್ಟ್ರಾಸಾನಿಕ್ ದಾರಿ ಬೇರೆ ದಿಕ್ಕಿನಲ್ಲಿದೆ. ಎರಡನೆಯದನ್ನು ಮೊದಲು ಪರೀಕ್ಷಿಸಿ.

ಘಟನೆಗಳೂ ಒಂದು ಪಟ್ಟಿಗೆ ಒತ್ತುತ್ತಿವೆ, ವೇಗವೂ ಅದೇ ಜಾಗದಲ್ಲಿ ಇಳಿಯುತ್ತಿದೆ: ಬಿರುಕುಗಳು ಸೇರಿಕೊಳ್ಳುತ್ತಿವೆ. ಬೋಲ್ಟ್ ಉದ್ದ ಆ ಪಟ್ಟಿ ದಾಟಿ ಗಟ್ಟಿ ಬಂಡೆಗೆ ತಲುಪುತ್ತದೆಯೇ ಎಂದು ಅವತ್ತೇ ನೋಡಬೇಕು.

ಸದ್ದು ನಿಂತಿದೆ, ವೇಗ ಕೆಳಗೇ ಇದೆ: ಹಾನಿ ಆಗಿ ನಿಂತಿದೆ. ಪಕ್ಕದಲ್ಲಿ ಇನ್ನೊಂದು ಸುರಂಗ ತೋಡಿದರೆ, ನೀರು ಏರಿದರೆ, ಮತ್ತೆ ಶುರುವಾಗಬಹುದು. ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೂ, ಒಳಗೆ ನೀರು ತುಂಬುತ್ತಾ ಹೋದಂತೆ ಕಂಪನಗಳು ದಾಖಲಾಗುತ್ತಲೇ ಇದ್ದವು. ಆದ್ದರಿಂದ ಕೆಲಸ ಮುಗಿದ ತಕ್ಷಣ ರೆಕಾರ್ಡರ್ ಬಿಚ್ಚಬೇಡಿ.

ವೇಗ ಮತ್ತೆ ಏರುತ್ತಿದೆ: ಕಾಂಕ್ರೀಟ್ ಲೈನಿಂಗ್ ಅಥವಾ ತುಂಬಿದ ಮಣ್ಣು ಬಂಡೆಯನ್ನು ಒತ್ತಿ ಬಿರುಕು ಮುಚ್ಚಿಸುತ್ತಿರಬಹುದು. ನೀರು ವಾಪಸ್ ಬಂದಿರಲೂಬಹುದು. ಎಸ್ ಅಲೆ ನೋಡಿದರೆ ಯಾವುದು ಎಂದು ಗೊತ್ತಾಗುತ್ತದೆ.

ಕೊನೆಯದಾಗಿ, ರಾತ್ರಿ ಪಾಳಿ. ಯಾವ ಮಟ್ಟ ದಾಟಿದರೆ ಯಾರಿಗೆ ಫೋನ್ ಮಾಡಬೇಕು, ಆ ವ್ಯಕ್ತಿ ಎತ್ತದಿದ್ದರೆ ಮುಂದೆ ಯಾರು, ಫೇಸ್‌ನಲ್ಲಿರುವವರನ್ನು ಹೊರಗೆ ಕರೆಸುವ ಅಧಿಕಾರ ಯಾರಿಗೆ, ಇದನ್ನು ತೋಡುವ ಕೆಲಸ ಶುರುವಾಗುವ ಮೊದಲೇ ಬರೆಸಿ ಮ್ಯಾನೇಜರ್ ಸಹಿ ಹಾಕಿಸಿ. ಶಿಫ್ಟ್ ಇನ್‌ಚಾರ್ಜ್ ಮತ್ತು ಕಂಟ್ರೋಲ್ ರೂಮಿನ ಹುಡುಗ ಇಬ್ಬರ ಕೈಯಲ್ಲೂ ಅದರ ಪ್ರತಿ ಇರಲಿ. ಪರದೆ ನೋಡುತ್ತಿರುವ ಆ ಹುಡುಗನಿಗೇ ಜನರನ್ನು ಹೊರಗೆ ಕರೆಸುವ ಅಧಿಕಾರ ಕೊಡಿಸಿ. ರಾತ್ರಿ ಎರಡು ಗಂಟೆಗೆ ಅನುಮತಿ ಕೇಳುತ್ತಾ ಕೂರುವಷ್ಟು ಹೊತ್ತು ಅವನಿಗೆ ಇರುವುದಿಲ್ಲ.